ಅಕ್ಷರಕ್ಕೆ ನಾಲ್ಕು ಸೆಂಟು

ನನ್ನ ದರ ಬಾಗಿಲ ಮೇಲೇ ಬರೆದಿದೆ: ಅಕ್ಷರಕ್ಕೆ ನಾಲ್ಕು ಸೆಂಟು.
ಅಂಕಿಗೂ ಅಷ್ಟೇ. ಶಿಲುಬೆ ಬಿಟ್ಟಿ.
ಪಾರಿವಾಳ ಬೇಕೆಂದರೆ ಬೇರೆ ಮಾತು,
ಒಂದೊಂದು ರೆಕ್ಕೆಗೆ ಒಂದೊಂದು ದಿನ ಹಿಡಿಯುತ್ತದೆ.

ಯುದ್ಧ ಮುಗಿದ ಮೊದಲ ವಸಂತ.
ಮೇರಿಲ್ಯಾಂಡಿನ ಈ ಗಡಿಯೂರಿಗೆ
ಎರಡೂ ಕಡೆಯ ರಸ್ತೆಗಳಿಂದ ಹೆಂಗಸರು ಬಂದರು.
ಉತ್ತರದ ರಸ್ತೆಯಿಂದ ಪ್ರುಡೆನ್ಸ್ ಓಕ್ಲಿ:
'ನನ್ನ ಗಂಡ ಬಿದ್ದದ್ದು ಆಟರ್ ಕ್ರೀಕಿನಲ್ಲಿ.'
ದಕ್ಷಿಣದವಳು ಹೆಸರು ಹೇಳಲಿಲ್ಲ,
ಕೈಗವಸಿನ ತೂತನ್ನು ಮುಷ್ಟಿಯಲ್ಲಿ ಬಚ್ಚಿಟ್ಟಿದ್ದಳು:
'ಹ್ಯಾಡನ್ಸ್‌ವಿಲ್ ಅಂತ ಕೊರೆ. ತಪ್ಪಬಾರದು.'
ಒಂದೇ ತಾರೀಖು. ಒಂದೇ ಮಧ್ಯಾಹ್ನ.
ಎರಡು ಕಲ್ಲನ್ನೂ ಒಂದೇ ಹಲಗೆಯ ಮೇಲೆ ಮಲಗಿಸಿದೆ.

ಉತ್ತರದವರು ಕಾಳಗಕ್ಕೆ ನೀರಿನ ಹೆಸರಿಡುತ್ತಾರೆ,
ದಕ್ಷಿಣದವರು ಊರಿನ ಹೆಸರು.
'ಬಂದವನಿಗೆ ಕಾಣುವುದು ದಾಟಬೇಕಾದ ಹೊಳೆ,
ಇದ್ದವನಿಗೆ ಊರು' ಅನ್ನುತ್ತಿದ್ದಳು ನನ್ನ ಹೆಂಡತಿ.
ನನಗೆ ಗೊತ್ತಿರುವುದು ಲೆಕ್ಕ:
ತೊರೆಗೆ ಹತ್ತಕ್ಷರ, ಊರಿಗೆ ಹನ್ನೆರಡು.
ಸೋತವಳ ಮೇಲೇ ಎಂಟು ಸೆಂಟು ಹೆಚ್ಚು ಬಿತ್ತು.

ದಂಡನಾಯಕರ ಸಂಗತಿಯನ್ನೂ ಹೇಳಿಬಿಡುತ್ತೇನೆ.
ಜನರಲ್ ಆಂಬ್ರೋಸ್ ಪೆಲ್ ಆ ಬೆಳಿಗ್ಗೆ
ನೆಗಡಿ ಹಿಡಿದು ಸಾಸಿವೆ ನೀರಿನಲ್ಲಿ ಕಾಲಿಟ್ಟು ಕೂತಿದ್ದ;
ತೋಪಿನ ಸದ್ದಿಗೆ ಡೇರೆಯ ಗೂಟ ನಡುಗಿದರೂ
ಹತ್ತು ಗಂಟೆಯವರೆಗೆ ಅದು ಗುಡುಗೆಂದೇ ವಾದಿಸಿದ.
ಎದುರಿನ ಜನರಲ್ ಲೂಷಿಯನ್ ಹಾರ್ಗ್ರೋವ್‌ನ ನಕ್ಷೆಯಲ್ಲಿ
ಒಂದು ಸೇತುವೆಯಿತ್ತು.
ನೆಲದ ಮೇಲಿರಲಿಲ್ಲ; ಎರಡು ವರ್ಷದ ಹಿಂದಿನ ನೆರೆ
ಅದನ್ನು ಹೊತ್ತೊಯ್ದಿತ್ತು.
ಇಲ್ಲದ ಸೇತುವೆಯ ಮೇಲೆ ಮೂರು ಸಲ ಪಡೆ ನುಗ್ಗಿಸಿದ.
ಮೂರನೆಯ ಸಲ ಹೋದವರು
ಮೊದಲೆರಡು ಸಲ ಹೋದವರ ಮೇಲೆ ಕಾಲಿಟ್ಟು
ಹೊಳೆ ದಾಟಿದರಂತೆ.

ಇಬ್ಬರೂ ಒಂದೇ ಶಾಲೆಯವರು,
ಒಂದೇ ಪುಸ್ತಕದಲ್ಲಿ ಯುದ್ಧ ಓದಿದವರು.
ಇಬ್ಬರಿಗೂ ಈಗ ಕಂಚಿನ ಕುದುರೆಗೆ ಚಂದಾ ಎತ್ತುತ್ತಿದ್ದಾರೆ.
ಪೀಠದ ಕೆಲಸ ಎರಡೂ ಕಡೆಯಿಂದ ನನಗೇ ಬಂತು.
ಬೇಡ ಅನ್ನಲಿಲ್ಲ. ಚಳಿಗಾಲಕ್ಕೆ ಸೌದೆ ಬೇಕು.

ಕೆಸೈಯಾ ಬಂದದ್ದು ಹಿಂಬಾಗಿಲಿಗೆ, ಅಭ್ಯಾಸದಿಂದ.
ಅಭ್ಯಾಸದಿಂದ ನಾನೂ ಅದನ್ನೇ ತೆರೆದೆ.
'ಹೆಸರು?'
'ಈಸೋಮ್. ನನ್ನ ಮಗ.'
'ಪೂರ್ತಿ ಹೆಸರು?'
'ಪಟ್ಟಿಯಲ್ಲಿ ಹ್ಯಾಡನ್ ಅಂತ ಬರೆದುಕೊಂಡರು.
ಹ್ಯಾಡನ್ ನಮ್ಮ ಧಣಿ. ಊರು ಅವನಪ್ಪನ ಹೆಸರಿನದು.
ಅದು ಬೇಡ.'
'ಹಾಗಾದರೆ?'
'ಕೊನೆಯ ಕಾಗದ ಯಾರೋ ಬರೆದುಕೊಟ್ಟದ್ದು, ಯಾರೋ ಓದಿ ಹೇಳಿದ್ದು:
ಅಮ್ಮಾ, ಎರಡು ಹೆಸರು ನೋಡಿಟ್ಟಿದ್ದೇನೆ,
ಬಂದ ಮೇಲೆ ಒಂದು ಆರಿಸೋಣ.'

ಸುತ್ತಿಗೆ ಎತ್ತಿದವನು ಹಾಗೇ ಕೆಳಗಿಟ್ಟೆ.

'ಈಸೋಮ್ ಆದಮೇಲೆ ಜಾಗ ಬಿಡು.
ಎಂಟಕ್ಷರದಷ್ಟು. ಅಷ್ಟು ಸಾಕಾಗಬಹುದು.'
'ಸತ್ತ ಜಾಗ? ಆಟರ್ ಕ್ರೀಕೋ, ಹ್ಯಾಡನ್ಸ್‌ವಿಲ್ಲೋ?'
ಅವಳು ನನ್ನನ್ನು ಮೊದಲ ಸಲ ನೆಟ್ಟಗೆ ನೋಡಿದಳು.
'ಅಲ್ಲಿ ತೊರೆಯೂ ಇಲ್ಲ, ಊರೂ ಇಲ್ಲ.
ಅದು ಧಣಿಯ ಕೆಳಗಿನ ಜೋಳದ ಹೊಲ.
ಹನ್ನೊಂದು ವರ್ಷ ನಾನು ಕಳೆ ತೆಗೆದ ಹೊಲ.
ಈಸೋಮ್ ಹುಟ್ಟಿದ್ದೂ ಅದರ ಬದುವಿನಲ್ಲೇ,
ಎರಡು ಸಾಲು ಬಾಕಿಯಿದ್ದವು.
ನಾವದನ್ನು ಬೆನ್ನುಮುರುಕ ಅಂತ ಕರೆಯುತ್ತಿದ್ದೆವು.
ಹಾಗೇ ಕೊರೆ.'

ಬಟ್ಟೆಯ ಗಂಟು ಬಿಚ್ಚಿ ಹಣ ಎಣಿಸಿದಳು,
ಖಾಲಿ ಜಾಗಕ್ಕೂ ಸೇರಿಸಿ.
ಅದಕ್ಕೆ ದರ ಇಲ್ಲ ಎಂದೆ. ಕೇಳಿಸಿಕೊಳ್ಳಲಿಲ್ಲ,
ಬೇರೆಯಾಗಿ ಇಟ್ಟು ಹೋದಳು.
ಆ ನಾಣ್ಯಗಳು ಇನ್ನೂ ಕಿಟಕಿಯ ಮೇಲಿವೆ,
ಡಬ್ಬಿಗೆ ಹಾಕಲು ಕೈ ಬಂದಿಲ್ಲ.

ನಿನ್ನೆ ಪೆಲ್ ಸಮಿತಿಯವರು ಬಂದಿದ್ದರು.
ಪೀಠದಲ್ಲಿ, ಜನರಲ್ ಹೆಸರಿನ ಹಿಂದೆ,
'ಇಮ್ಮಾರ್ಟಲ್' ಅಂತ ಸೇರಿಸಬೇಕಂತೆ.
ಬೆರಳು ಮಡಚಿ ಎಣಿಸಿದೆ: ಎಂಟಕ್ಷರ.
ಆಗಲಿ ಎಂದೆ, ಮುಂದಿನ ವಾರ.
ಮೊದಲು ಆ ಖಾಲಿ ಜಾಗ ನುಣುಪು ಮಾಡಬೇಕು.
ಕೊರೆಯುವುದಕ್ಕಿಂತ ಹೆಚ್ಚು ಹೊತ್ತು ಬೇಡುವ ಕೆಲಸ;
ಮರಳು ಹಾಕಿ, ನೀರು ಹಾಕಿ,
ಅಂಗೈಯಲ್ಲೇ ಉಜ್ಜಬೇಕು.