ತೂತು ಬಿದ್ದ ಪ್ರಸಂಗ

ಖಡ್ಕಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ
ಗುರುವಾರದ ಮನೆಕೂಟ ಈ ಸಲ ನಮ್ಮ ಪಾಳಿ.
ಕೃಪಾವತಿಯ ಬಲಗೈ ಪ್ಲಾಸ್ಟರಿನಲ್ಲಿ,
ಬಾಜಾರದ ಮೀನುಕಟ್ಟೆಯ ಹತ್ತಿರ ಜಾರಿದ್ದು.
ಮುಂದಕ್ಕೆ ಹಾಕೋಣವೇ ಎಂದರೆ
‘ಬರೋರಿಗೆ ಬ್ಯಾಡ ಅಂತೀರೇನ್ರಿ?’ ಎಂದಳು.
ಅಲ್ಲಿಗೆ ಮುಗಿಯಿತು ಮಾತು:
ಆಕೆ ಚಾಪೆಯ ಮೇಲೆ, ನಾನು ಒಲೆಯ ಮುಂದೆ.

ಮೂವತ್ತೊಂದು ವರ್ಷ ಲೇಥಿನಲ್ಲಿ ಉಕ್ಕು ಕಡೆದ ಕೈ,
ಕೂದಲೆಳೆಯ ವ್ಯತ್ಯಾಸ ಹಿಡಿದ ಕೈ,
ರವೆಯ ಡಬ್ಬಿ ಯಾವುದೆಂದು ತಿಳಿಯದೆ
ನಾಲ್ಕು ಮುಚ್ಚಳ ತೆರೆಯಿತು.
‘ಚಪ್ಪಲಿ ಎಣಿಸಿ ರವಾ ಅಳೀರಿ’ ಅಂದಿದ್ದಳು.
ಎಣಿಸಿದೆ. ಇಪ್ಪತ್ತೆರಡು ಜೋಡಿ,
ಒಂದು ಮಗುವಿನದು, ಪೀಂ ಪೀಂ ಅನ್ನುವಂಥದ್ದು.
ಅದಕ್ಕೆ ಅರ್ಧ ಹಿಡಿ.

ರೆವರೆಂಡ್ ಹಳ್ಳಿಖೇಡಕರರು ಪ್ರಸಂಗ ಎತ್ತಿಕೊಂಡರು.
ಬಿಸಿಲು ಏರಿದ ಹೊತ್ತು, ಗುಡಾರದ ಬಾಗಿಲಲ್ಲಿ ಅಬ್ರಹಾಮ,
ದೂರದಲ್ಲಿ ಮೂವರು ಅಪರಿಚಿತರು, ಅವನು ಎದ್ದು ಓಡಿ
(ಮಿಕ್ಸರ್)
ಮರದ ನೆರಳಲ್ಲಿ ಕಾಲು ತೊಳೆದುಕೊಳ್ಳಿ ಎಂದು
(ಮಿಕ್ಸರ್)
ಸಾರಳಿಗೆ ಮೂರು ಸೇರು ಹಿಟ್ಟು ನಾದಲು ಹೇಳಿ
(ಈರುಳ್ಳಿ ಎಣ್ಣೆಗೆ ಬಿತ್ತು).
ಮೂರು ಸೇರು!
ಮೂವರು ತಿನ್ನುವುದಕ್ಕೆ ಮೂರು ಸೇರೇ?
ನಾದಿದವಳ ರಟ್ಟೆಯ ಸುದ್ದಿ
ಪ್ರಸಂಗದಲ್ಲಿ ಬಂತೋ ಇಲ್ಲವೋ,
ಆ ಹೊತ್ತಿಗೆ ನನ್ನ ಸಾಸಿವೆ ಸಿಡಿಯುತ್ತಿತ್ತು.

ಆಗ ಹೊಳೆಯಿತು:
ಇವಳು ಇಷ್ಟು ವರ್ಷ ಕೇಳಿದ ದೇವರ ಮಾತೆಲ್ಲ ಹೀಗೆಯೇ,
ತೂತು ತೂತು.
ಸ್ವಾಮಿ ದೋಣಿ ಹತ್ತಿದ್ದು ಗೊತ್ತು, ಗಾಳಿ ಎದ್ದದ್ದು ಗೊತ್ತು,
ದಡ ಸೇರಿದ್ದು ಗೊತ್ತಿಲ್ಲ.
ಕಿರಿಯ ಮಗ ಮನೆ ಬಿಟ್ಟದ್ದು ಗೊತ್ತು,
ಅವನು ಹಿಂದಿರುಗುವಷ್ಟರಲ್ಲಿ
ಹಾಲು ಉಕ್ಕಿತ್ತು.

ನೀರಿಗೆಂದು ಒಳಗೆ ಬಂದ ಹಿರಿಯ ಝರೆಪ್ಪ
ನನ್ನ ಸೊಂಟದ ಟವೆಲ್ಲು ನೋಡಿ ನಕ್ಕ.
‘ಗಂಡ ಅಂದ್ರ ತಲಿ ಅಂತದ ಸತ್ಯವೇದ. ಮರೆತ್ಯಾ?’
‘ಇಲ್ಲಪ್ಪ, ಮರ್ತಿಲ್ಲ.
ಈರುಳ್ಳಿ ಹೆಚ್ಚಿದ್ರ ಅಳೋದೂ ತಲೀನೇ’ ಅಂದೆ.
ಲೋಟ ಖಾಲಿ ಮಾಡಿ ಹೋದ.
ತೊಳೆದಿಡಲಿಲ್ಲ. ನಾನೂ ಎಂದೂ ಇಟ್ಟವನಲ್ಲ.

ಅಷ್ಟರಲ್ಲಿ ಹಿಂದಿನ ಬಾಗಿಲಿಗೆ ಸಿಲಿಂಡರಿನವನು,
ಹೆಗಲಿಂದ ಇಳಿಸಿ ಗೋಡೆಗೊರಗಿ ಬೆವರಿದ.
ಬಾಣಲೆಯಿಂದ ಮೊದಲ ತಟ್ಟೆ ಅವನಿಗೇ ಕೊಟ್ಟೆ.
ನಿಂತೇ ತಿಂದ. ‘ಮೀಠ್ ಕಮೀ ಆಹೇ, ಕಾಕಾ’ ಎಂದ.
ಉಪ್ಪು ಕಡಿಮೆಯೆಂದು ಹೊರಗಿನ ಯಾರೂ ಹೇಳುತ್ತಿರಲಿಲ್ಲ,
ಹಾಕಿದೆ.
ಗುಡಾರಕ್ಕೆ ಬಂದವರ ಪೈಕಿಯೇನೋ ಎಂದು
ಒಂದು ಕ್ಷಣ ಅನ್ನಿಸಿತು, ಸುಳ್ಳೇಕೆ.
ಇಪ್ಪತ್ತು ರೂಪಾಯಿ ಹೆಚ್ಚಿಗೆ ಕೇಳಿ ಇಸಕೊಂಡು
ಸೀಟಿ ಹಾಕುತ್ತ ಮೆಟ್ಟಿಲಿಳಿದ.

ಗುಡಾರದ ಹಿಂದೆ ನಿಂತು ಕೇಳುತ್ತಿದ್ದ ಸಾರಳು
ನಕ್ಕಳು ಅನ್ನುವ ಕಡೆಗೆ ಪ್ರಸಂಗ ಬಂದಿತ್ತು.
ಯಾಕೆ ನಕ್ಕಳೆಂದು ಕೇಳಲು
ಸೌಟು ಹಿಡಿದು ಹೊಸ್ತಿಲ ತನಕ ಬಂದೆ.
ಎಲ್ಲರೂ ಕಣ್ಣು ಮುಚ್ಚಿದ್ದರು, ಆಮೆನ್.

ರಾತ್ರಿ ಪಾತ್ರೆ ತೊಳೆದು, ದೀಪ ಆರಿಸಿ, ಕೇಳಿದೆ:
‘ಸಾರಳು ನಕ್ಕ ಮ್ಯಾಲ ಪಾಳಕರು ಏನಂದ್ರು?
ನೀ ಮುಂದೇ ಕೂತಿದ್ದಿ.’
ಪ್ಲಾಸ್ಟರಿನ ಕೈ ದಿಂಬಿನ ಮೇಲಿಟ್ಟು
ಬಹಳ ಹೊತ್ತು ಸುಮ್ಮನಿದ್ದಳು.
‘ಯಾರಿಗೊತ್ತು.
ಸಾಸಿವಿ ಸೀದದ್ದು ಕೇಳಸ್ತು.
ಆಮ್ಯಾಲ ಸೌಟು ಬಿತ್ತು. ಆಮ್ಯಾಲ ಯಾರೋ ಮರಾಠಿ ಮಾತಾಡಿದ್ರು.
ರವಾದ ಡಬ್ಬಿ ಮುಚ್ಚಿದ ಸಪ್ಪಳ ಮಾತ್ರ
ಕೊನೀ ತನಾ ಬರ್ಲೇ ಇಲ್ಲ ನೋಡ್ರಿ.’

ಮುಂಬೈಗೆ ಹೋಗುವ ಗಾಡಿ ಖಡ್ಕಿ ದಾಟುವ ಸದ್ದು.
ಕತ್ತಲಲ್ಲಿ ಅವಳು ನಕ್ಕಂತಾಯಿತು,
ಯಾಕೆಂದು ಕೇಳಲಿಲ್ಲ.
ಎದ್ದು ಹೋಗಿ ದೀಪ ಹಾಕಿದೆ.
ಇರುವೆಗಳು ಆಗಲೇ ಬಂದಿದ್ದವು.