ಒಂದೂವರೆ ಅಕ್ಷರ

ಟಿಬಿಲಿಸಿಯ ಗ್ಲ್ದಾನಿ ಬಡಾವಣೆಯಲ್ಲಿ
ಲಿಫ್ಟು ಕಾಸು ಕೇಳುತ್ತದೆ.
ಹಾಕಿದರೆ ಏರುತ್ತದೆ, ಇಲ್ಲವಾದರೆ
ಹದಿನಾರು ಮಹಡಿಗೂ ಮೊಣಕಾಲೇ ಗತಿ.
ಕಾಸು ನುಂಗಿಯೂ ಅದು ಮೊಂಡು ಹಿಡಿದಾಗ
ಲಾಮ್ಜಿರಾಳಿಗೆ ಫೋನು ಹೋಗುತ್ತದೆ.

'ಹೇಳಿ' ಎನ್ನುತ್ತಾಳೆ,
ಜರಡಿಯಲ್ಲಿ ಮರಳಾಡಿದಂಥ ದನಿ.
ಆ ಕಡೆಯಿಂದ, 'ಬತೊನೊ, ಬೇಗ ಬನ್ನಿ.'

ಬತೊನೊ ಎಂದರೆ ಯಜಮಾನರೇ.
ಯಜಮಾನಿಯಾದರೆ ಮುಂದೊಂದು 'ಕಲ್' ಹಚ್ಚಬೇಕು:
ಕಲ್ಬತೊನೊ.
ಕಲ್ ಎಂದರೆ ಅಲ್ಲಿ ಹೆಣ್ಣು.
ನಮ್ಮಲ್ಲಿ ಕಲ್ಲು. ಇರಲಿ.
ಆ ಒಂದೂವರೆ ಅಕ್ಷರ ಮೂವತ್ತು ವರ್ಷದಿಂದ
ಇವಳನ್ನು ಮುಟ್ಟುವ ಮೊದಲೇ ಬಿದ್ದುಹೋಗುತ್ತಿದೆ,
ತೂತುಜೇಬಿನ ಚಿಲ್ಲರೆಯಂತೆ.

ಹಾಗೆ ನೋಡಿದರೆ ಅವರ ಭಾಷೆ ಬಲು ಉದಾರಿ.
ಅವನಿಗೂ ಅವಳಿಗೂ ಅದಕ್ಕೂ ಒಂದೇ ಮಾತು.
ಬೆನ್ನ ಹಿಂದೆ ಎಷ್ಟು ಆಡಿಕೊಂಡರೂ
ತಪ್ಪು ಮಾಡುವಂತಿಲ್ಲ;
ಎದುರಿಗೆ ಬಂದು ಮರ್ಯಾದೆ ಕೊಡುವಾಗಲೇ
ಎಡವುತ್ತಾರೆ.
ಕನ್ನಡದಲ್ಲಿ ಬರೆಯುವ ನನಗೆ ಆ ಸುಖವಿಲ್ಲ.
ಬಂದಳು, ಕೂತಳು, ಸೀನಿದಳು,
ಸೀನಿಗೂ ಸಾಕ್ಷಿ ಕೇಳುತ್ತದೆ ನನ್ನ ವ್ಯಾಕರಣ.

ಕೂದಲು ಯಾಕೆ ಇಷ್ಟು ಗಿಡ್ಡ ಎಂದು ಕೇಳುವವರಿಗೆ
ಒಂದು ಕಥೆ ಬೇಕಿರುತ್ತದೆ,
ಜಡೆ ರಾಟೆಗೆ ಸಿಕ್ಕಿತ್ತು, ಹರಕೆ ಇತ್ತು, ಅಂಥದ್ದೇನಾದರೂ.
'ಬೇಗ ಒಣಗುತ್ತದೆ' ಎನ್ನುತ್ತಾಳೆ.

ಶನಿವಾರ ಗಂಧಕದ ಬಿಸಿನೀರ ಸ್ನಾನ.
ಬಾಗಿಲು ಕಾಯುವಾಕೆ ಹೆಣಿಗೆಯಿಂದ ತಲೆಯೆತ್ತದೆ
ಕಾಲು ಅಡ್ಡ ಚಾಚುತ್ತಾಳೆ:
'ಗಂಡಸರದು ಆ ಕಡೆ.'
ಮೊದಲೆಲ್ಲ ಗುರುತಿನ ಚೀಟಿ ತೋರಿಸುತ್ತಿದ್ದಳು.
ಆಮೇಲೆ ಕೆಲವು ವರ್ಷ ಜಗಳ.
ಈಗ ಬಗಲಲ್ಲಿ ಟವೆಲು, ಕೈಯಲ್ಲಿ ಸೋಪು ಹಿಡಿದು
ಹೆಣಿಗೆಯ ಸಾಲೊಂದು ಮುಗಿಯಲಿ ಎಂದು ನಿಲ್ಲುತ್ತಾಳೆ.
ಒಳಗೆ, ಆವಿಯಲ್ಲಿ, ಬೆತ್ತಲೆಯಲ್ಲಿ
ಯಾರಿಗೂ ಯಾರೂ ಏನೂ ಅಲ್ಲ.
ಬೆನ್ನು ತಿಕ್ಕು ಎಂದು
ಸುಮ್ಮನೆ ಬೆನ್ನು ತಿರುಗಿಸುತ್ತಾರೆ.

ಫೆಬ್ರವರಿಯಲ್ಲಿ ಒಂದು ರಾತ್ರಿ ಕರೆಂಟು ಹೋಗಿ
ಹನ್ನೊಂದಕ್ಕೂ ಹನ್ನೆರಡಕ್ಕೂ ನಡುವೆ
ತ್ಸಿಯಾಲಾ ಎಂಬ ಮುದುಕಿ ಸಿಕ್ಕಿಬಿದ್ದಳು,
ಹುಳಿ ಪ್ಲಮ್ಮಿನ ಗೊಜ್ಜಿನ ಬಾಟಲಿ ಎದೆಗವುಚಿ.
ಬಾಗಿಲ ಸಂದಿಗೆ ಬಾಯಿಟ್ಟು ಲಾಮ್ಜಿರಾ
'ಹೆದರಬೇಡಿ' ಎಂದಳು.
'ಹೆದರಿಕೆ ಯಾರಿಗೆ, ದೇದಾ? ಉಚ್ಚೆ ಬರ್ತಿದೆ. ಬೇಗ ಮಾಡು.'

ದೇದಾ ಎಂದರೆ ತಾಯಿ.
ಅಲ್ಲಿ ತಾಯಂದಿರೇ ಮಕ್ಕಳನ್ನು ಹಾಗೆ ಕರೆಯುತ್ತಾರೆ,
ಮಗನಾಗಲಿ ಮಗಳಾಗಲಿ.
ನಾವು ಗೊಣ್ಣೆ ಸುರಿಸುವ ಪೋರನಿಗೆ
'ನನ್ನಪ್ಪಾ, ಒಂದು ತುತ್ತು' ಎನ್ನುವುದಿಲ್ಲವೇ, ಹಾಗೆ.
ಅವ್ವ ಹೋದ ಮೇಲೆ ಆ ಮಾತು
ಇವಳ ಕಿವಿಗೆ ಬಿದ್ದು ಒಂಬತ್ತು ಚಳಿಗಾಲ.
ಸ್ಪ್ಯಾನರು ಒಮ್ಮೆ ಜಾರಿತು.
ಕೈಯಲ್ಲಿ ಎಣ್ಣೆಯಿತ್ತು.

ಹಗ್ಗ ಎಳೆದು, ಗಾಲಿ ತಿರುಗಿಸಿ
ಗೇಣು ಗೇಣಾಗಿ ಇಳಿಸಿದಳು.
ಬಾಗಿಲು ತೆರೆದಾಗ ಟಾರ್ಚಿನ ಬೆಳಕಲ್ಲಿ ಮುದುಕಿ
ಬೂಟು ನೋಡಿದಳು, ನರೆತ ಗಿಡ್ಡ ತಲೆ ನೋಡಿದಳು,
ಸೆರಗಿಲ್ಲದ ಊರಲ್ಲೂ ಏನನ್ನೋ ಸರಿಮಾಡಿಕೊಂಡಳು.
'ದೇವರು ಚೆನ್ನಾಗಿಟ್ಟಿರಲಿ, ಬತೊನೊ.
ತಗೊಳ್ಳಿ, ನಿಮ್ಮ ಹೆಂಡತಿಗೆ ಕೊಡಿ.'
ಬಾಟಲಿ ಕೈಗಿಟ್ಟು ಓಡಿದಳು, ಪಾಪ,
ತಿದ್ದಲಿಕ್ಕೆ ಹೊತ್ತೆಲ್ಲಿತ್ತು.

ಮನೆಯಲ್ಲಿ ನಿನ್ನೆಯ ರೊಟ್ಟಿ, ಒಂದು ಮೇಣದಬತ್ತಿ,
ಒಂದೇ ಕುರ್ಚಿ.
ಮುಚ್ಚಳ ಸ್ಪ್ಯಾನರಿಗೇ ಬಗ್ಗಿತು.
ಹೆಂಡತಿ ಬೆರಳದ್ದಿ ನೆಕ್ಕಿ
ಹುಳಿ ತುಸು ಮುಂದಾಯಿತು ಎಂದಳು.
ಗಂಡ ಏನೂ ಹೇಳಲಿಲ್ಲ.
ಇನ್ನೊಂದು ತುಂಡು ಮುರಿದುಕೊಂಡ.