ಮಗ್ಗುಲು

ಈ ಊರಿನಲ್ಲಿ ಗಾಳಿಗೆ ಹೆದರಿ ಬೀದಿಯುದ್ದ ಹಗ್ಗ ಕಟ್ಟುತ್ತಾರೆ.
ನವೆಂಬರಿನಲ್ಲಿ ಪುಂತಾ ಅರೇನಾಸಿನ ಜನ
ಹಗ್ಗ ಹಿಡಿದೇ ರಸ್ತೆ ದಾಟುತ್ತಾರೆ.
ಆಸ್ಪತ್ರೆಯ ನಾಲ್ಕನೆಯ ಮಹಡಿಯಲ್ಲಿ
ನನ್ನ ಎರಡು ಬೆರಳೇ ಹಗ್ಗ.

ಹಿಸುಕಿ, ಎನ್ನುತ್ತೇನೆ. ಹಿಸುಕುತ್ತಾನೆ.
ಅಂಗಾಲಿನಿಂದ ನನ್ನ ಅಂಗೈ ತಳ್ಳಿ.
ಬಲಗಾಲು ತಳ್ಳುತ್ತದೆ.
ಎಡಗಾಲು ಬೇರೆ ಯಾರದೋ ಮಾತು ಕೇಳುತ್ತಿದ್ದು
ಈಗಷ್ಟೇ ನೆನಪಾದಂತೆ
ಹಾಸಿಗೆಯ ಮೇಲೆ ಒಂದಿಷ್ಟು ಜಾರುತ್ತದೆ.
ಐದರಲ್ಲಿ ಎರಡು, ಎಂದು ಬರೆಯುತ್ತೇನೆ.
ನಿನ್ನೆ ಒಂದಿತ್ತು.
ಹೇಳಲೇ ಬೇಡವೇ ಎಂದು
ಪೆನ್ನಿಗೆ ಟೋಪಿ ಹಾಕುವಷ್ಟು ಹೊತ್ತು ಯೋಚಿಸಿ
ಹೇಳುತ್ತೇನೆ.

ಹೆರ್ವಾಸಿಯೊ ಬಾರ್ರಿಯಾ. ಕುರಿಯ ಉಣ್ಣೆ ತೆಗೆಯುವವನು.
ನಲವತ್ತು ವರ್ಷ ಬಗ್ಗಿದ ಬೆನ್ನು;
ನೋವೆಂದರೆ ಕಸುಬಿನ ಬಡ್ಡಿ ಎಂದುಕೊಂಡಿದ್ದನಂತೆ,
ಒಂದು ದಿನ ರಬ್ಬರ್ ಬೂಟು ಕೆಸರಲ್ಲೇ ಉಳಿದದ್ದು ತಿಳಿಯದೆ
ಬರಿಗಾಲಲ್ಲಿ ಅಂಗಳ ದಾಟುವವರೆಗೆ.
ಬೆನ್ನುಹುರಿಗೆ ಅಂಟಿದ್ದನ್ನು ಒಂಬತ್ತು ತಾಸು ಬಿಡಿಸಿದರು.
ಎಲ್ಲವೂ ಬರಲಿಲ್ಲ.
"ಒತ್ತಾಗಿ ಅಂಟಿದ ಉಣ್ಣೆ ಎಳೆದರೆ ಚರ್ಮವೇ ಬರುತ್ತದೆ, ಡಾಕ್ಟರೇ,
ನನಗೆ ಗೊತ್ತಿಲ್ಲವೆ," ಎಂದ,
ವೈದ್ಯರನ್ನೇ ಸಮಾಧಾನಪಡಿಸುವವನ ಹಾಗೆ.

ರಾತ್ರಿ ಎರಡಕ್ಕೆ ಮಗ್ಗುಲು ಬದಲಿಸಬೇಕು.
ಕುತ್ತಿಗೆ, ಸೊಂಟ, ಮಂಡಿ ಎಲ್ಲ ಒಂದೇ ದಿಮ್ಮಿ,
ಬೆರಳಗಲವೂ ಹಿಂದುಮುಂದಾಗಬಾರದು.
ಭುಜಕ್ಕೆ ನಾನು, ಸೊಂಟಕ್ಕೆ ಒತಿಲಿಯಾ,
ಕಾಲಿಗೆ ವಾಲ್ದೊ. ಇನ್ನೂ ಕಲಿಯುವ ಹುಡುಗ, ಕೈ ನಡುಗುತ್ತದೆ.
"ಕುರಿಗೆ ಮೊದಲು ತಿಳಿಯುವುದು ಕತ್ತರಿಯಲ್ಲ, ಕೈ,"
ಹೆರ್ವಾಸಿಯೊ ಛಾವಣಿಗೆ ಹೇಳಿದ.
"ಅಂಜಿದ ಕೈ ಸೋಕಿದರೆ ಒದೆಯುತ್ತದೆ.
ಮಂಡಿಗಳ ನಡುವೆ ಕೂರಿಸಿಕೊಂಡು
ಅದರ ಭಾರ ನಿನ್ನದೇ ಎಂದುಕೋ.
ಆಮೇಲೆ ನೋಡು, ತೂಕಡಿಸುತ್ತದೆ."
ವಾಲ್ದೊ ಉಸಿರು ಬಿಟ್ಟ.
ಒಂದು, ಎರಡು, ಎಂದೆ.
ಮೂರು ಎಂದವನು ಹೆರ್ವಾಸಿಯೊ.
ಎಣ್ಣೆ ಬಿಟ್ಟ ಬಾಗಿಲಿನ ಹಾಗೆ ಹೊರಳಿದ.
ಟಿಕ್ಕಿಯೆಲುಬಿನ ಮೇಲೆ ನಾಣ್ಯದಷ್ಟು ಕೆಂಪು.
ಒತ್ತಿ ನೋಡಿದೆ. ಬೆಳ್ಳಗಾಯಿತು.
ಸದ್ಯ.

ಪಕ್ಕದ ಕೋಣೆಯಲ್ಲಿ ನೇಲಿದಾ ಓಯಾರ್ಸುನ್,
ಮೂವತ್ತು ವರ್ಷ ಭೂಗೋಳ ಕಲಿಸಿದವಳು.
ಎಡಗಿವಿಯ ಮೇಲೆ ಇಪ್ಪತ್ತಾರು ಪಿನ್ನು.
ಇದು ಯಾವ ಊರು ಎಂದರೆ
"ತುದಿ" ಎನ್ನುತ್ತಾಳೆ.
ನಕಾಶೆ ಕಂಡವರು ಯಾರು ತಪ್ಪೆಂದಾರು?
ಸರಿ ಎಂದು ಗುರುತು ಹಾಕುವಂತಿಲ್ಲ, ಹಾಕಲಿಲ್ಲ;
ಅಂಚಿನಲ್ಲಿ ಅವಳ ಮಾತನ್ನೇ ಬರೆದಿಟ್ಟೆ.

ಮೂರು ವಾರದಲ್ಲಿ ನಾನು ಕಲಿತ ಅವಳ ನಿಘಂಟು:
ನೀರಿಗೆ ಕಿಟಕಿ, ಗಂಡನಿಗೆ ಗುರುವಾರ,
ತಲೆನೋವಿಗೆ ಸೀಸದಕಡ್ಡಿ.
"ಕಿಟಕಿ ಕೊಡು" ಎಂದಳು.
ಮಂದ ಮಾಡಿದ ನೀರು ಚಮಚದಲ್ಲಿ, ಗದ್ದ ಎದೆಗೆ ತಾಗಿಸಿ, ನಿಧಾನ.
ನುಂಗಿ, ತಲೆಯಾಡಿಸಿದಳು. ಇದಲ್ಲ.
ಇನ್ನೊಂದು ಚಮಚ. ಅಲ್ಲ.
ಕೈ ಹಿಡಿದು ಎಳೆದಳು, ಸಿಟ್ಟಿನಿಂದ,
ದಡ್ಡ ವಿದ್ಯಾರ್ಥಿಯನ್ನು ಬೋರ್ಡಿಗೆ ಎಳೆದ ಹಾಗೆ.
ಇವತ್ತು ಕಿಟಕಿ ಎಂದರೆ ಕಿಟಕಿ.

ಪರದೆ ಸರಿಸಿದೆ.
ಕತ್ತಲಲ್ಲಿ ಒಂದು ಹಡಗಿನ ದೀಪ,
ಹೋಗುತ್ತಿದೆಯೋ ನಿಂತಿದೆಯೋ.
ಟಾರ್ಚು ಹಿಡಿದು ಅವಳ ಪಾಪೆ ನೋಡುವ ಹೊತ್ತು;
ದೀಪ ಅಲ್ಲೇ ಇತ್ತು, ಎರಡೂ ಕಣ್ಣಿನಲ್ಲಿ, ಸಮವಾಗಿ.
"ಜಲಸಂಧಿ," ಎಂದಳು ನೇಲಿದಾ,
ಒಂದಕ್ಷರವೂ ಜಾರದೆ.
ಮತ್ತೆ ಹೇಳಿ, ಎಂದೆ. ಹೇಳಲಿಲ್ಲ.

ಮೂರಕ್ಕೆ ಹೆರ್ವಾಸಿಯೊನಿಗೆ ಹಸಿವು.
ಸ್ಟೆರಾಯ್ಡಿನ ಹಸಿವು, ಊದಿದ ಕೆನ್ನೆಯ ಹಸಿವು,
ಹುಡುಗನಾಗಿದ್ದಾಗಲೂ ಇಷ್ಟಿರಲಿಲ್ಲವಂತೆ.
ಸಕ್ಕರೆ ಪರೀಕ್ಷಿಸಿ, ಒಣಬ್ರೆಡ್ಡು ಕೊಟ್ಟೆ.
ಮುರಿದು ಅರ್ಧ ವಾಲ್ದೊನ ಕೈಗಿಟ್ಟ.
ನಿಯಮದಲ್ಲಿಲ್ಲ. ನಾನು ನೋಡಲಿಲ್ಲ.

ಎಂಟಕ್ಕೆ ಕೆಳಗಿಳಿದರೆ ಅದೇ ಗಾಳಿ.
ಹಗ್ಗ ಹಿಡಿದು, ಮುಂದಿದ್ದ ಮುದುಕಿಯ ಟೋಪಿ ಹಾರದಂತೆ
ಇನ್ನೊಂದು ಕೈಯಲ್ಲಿ ಒತ್ತಿಕೊಂಡು
ಮನೆ ಸೇರಿದೆ.
ಸೊಂಟ ಕಡಿಯುತ್ತಿತ್ತು.
ಮಗ್ಗುಲಾಗುವ ಮೊದಲು ಒಂದು, ಎರಡು, ಎಣಿಸಿ
ಮೂರು ಯಾರು ಹೇಳುತ್ತಾರೆಂದು ಕಾಯುತ್ತ
ಹಾಗೇ ನಿದ್ದೆ ಹೋದೆ.